ಮೂಸೆಗೆ ಹಾಕುವ ಮೊದಲು

ಹಳೆಯ ಬೆಳ್ಳಿಯನ್ನು ಕರಗಿಸಿ ಹೊಸ ಆಭರಣ ಮಾಡುವ ಕೆಲಸದಲ್ಲಿ ಕರಗಿಸುವುದಕ್ಕೆ ಹಿಡಿಯುವ ಹೊತ್ತು ಬಹಳ ಕಡಿಮೆ. ಮೂಸೆ, ಅಂದರೆ ಲೋಹ ಕರಗಿಸುವ ಮಣ್ಣಿನ ಪಾತ್ರೆ, ಚೆನ್ನಾಗಿ ಕಾದಿದ್ದರೆ ಇನ್ನೂರು ಗ್ರಾಂ ಬೆಳ್ಳಿ ಒಂದು ಲೋಟ ಚಹಾ ಕುಡಿದು ಮುಗಿಸುವಷ್ಟರಲ್ಲಿ ನೀರಾಗುತ್ತದೆ. ಯಾವ ಚೂರು ಯಾವುದರ ಜೊತೆ ಸೇರಬಹುದು, ಯಾವುದು ಸೇರಬಾರದು, ಯಾವುದನ್ನು ಕರಗಿಸಲೇಬಾರದು ಎಂದು ಅದಕ್ಕೂ ಮುಂಚೆ ತೀರ್ಮಾನಿಸುವುದರಲ್ಲಿಯೇ ದಿನಗಳು ಕಳೆಯುತ್ತವೆ. ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದ ಮೇಲೆ ಕುಮಟಾದ ಒಂದು ಅಕ್ಕಸಾಲೆಯಲ್ಲಿ ಬೆಳ್ಳಿಗೆಲಸ ಕಲಿಯಲು ಕುಳಿತವಳು ನಾನು. ಅಲ್ಲಿಯ ಅಕ್ಕಸಾಲಿಗ ಶೇಟರು ಮೊದಲ ಕೆಲವು ವಾರ ನನ್ನ ಕೈಗೆ ಬೆಂಕಿಯನ್ನೇ ಕೊಡಲಿಲ್ಲ. ಒಂದು ಅಯಸ್ಕಾಂತ, ಒಂದು ಅರ, ಒಂದು ಇಕ್ಕಳ ಕೊಟ್ಟು, ನಾನು ತಂದ ಗಂಟನ್ನು ನೆಲದ ಮೇಲೆ ಹಾಸಿದ ಬಿಳಿಯ ಬಟ್ಟೆಗೆ ಸುರಿದು, "ಮೊದಲು ಇವುಗಳ ಜಾತಕ ನೋಡಿ ಅಕ್ಕೋರೆ, ಕರಗಿಸುವುದು ಆಮೇಲಿನ ಮಾತು" ಎಂದರು.

ಆ ಗಂಟು ಸೇರಿದ್ದಕ್ಕೆ ಕಾರಣ ಬೆಳ್ಳಿಯ ಬೆಲೆ. 2025ರ ಒಂದೇ ವರ್ಷದಲ್ಲಿ ಅದು ಎರಡು ಪಟ್ಟು ಮೀರಿ ಏರಿದಾಗ, ಬೀರುವಿನ ಮೂಲೆಯಲ್ಲಿ ಕಪ್ಪಾಗಿ ಬಿದ್ದಿದ್ದ ಪ್ರತಿಯೊಂದು ಚೂರೂ ನಮ್ಮ ನೆಂಟರಿಷ್ಟರಿಗೆ ನೆನಪಾಯಿತು. ಹೊಸದನ್ನು ಕೊಳ್ಳಲು ಕೈ ಬರುತ್ತಿರಲಿಲ್ಲ, ಹಳೆಯದನ್ನು ಅಂಗಡಿಗೆ ಕೊಟ್ಟರೆ ಕಳೆಯುವ ತೂಕ ಕಂಡು ಹೊಟ್ಟೆ ಉರಿಯುತ್ತಿತ್ತು. ಹೀಗಾಗಿ ನಾನು ಬೆಳ್ಳಿಗೆಲಸ ಕಲಿಯುತ್ತಿರುವ ಸುದ್ದಿ ತಿಳಿದವರೆಲ್ಲ ಒಂದೊಂದು ಪೊಟ್ಟಣ ಕೊಟ್ಟು ಹೋದರು. ಕಡಿದುಹೋದ ಗೆಜ್ಜೆಗಳು, ಸವೆದು ಬಾಯಿ ತೆರೆದ ಕಾಲುಂಗುರಗಳು, ಮಕ್ಕಳ ಉಡಿದಾರಗಳು, ಮುಚ್ಚಳ ಕಳೆದುಕೊಂಡ ಕುಂಕುಮದ ಭರಣಿ, ಹಿಡಿ ಮುರಿದ ಆರತಿ, ಒಂದು ದಪ್ಪ ಕಡಗ, ತಾಯತದ ಖಾಲಿ ಕೊಳವೆಗಳು, ಜುಬ್ಬದ ಗುಂಡಿಗಳು, ಒಂದಷ್ಟು ಹಳೆಯ ರೂಪಾಯಿ ನಾಣ್ಯಗಳು, ಇವೆಲ್ಲ ಸೇರಿ ಮುಕ್ಕಾಲು ಕಿಲೋ ಮೀರಿತ್ತು. ಅದರಲ್ಲಿ ನೇರವಾಗಿ ಮೂಸೆಗೆ ಹೋಗಬಹುದಾದದ್ದು ಮೂರನೆಯ ಒಂದು ಪಾಲಿಗಿಂತ ಕಡಿಮೆ ಎಂದು ಕೊನೆಗೆ ತಿಳಿಯಿತು.

ಅಯಸ್ಕಾಂತದಿಂದ ಆರಂಭಿಸಿದೆ. ಬೆಳ್ಳಿ ಅಯಸ್ಕಾಂತಕ್ಕೆ ಅಂಟುವುದಿಲ್ಲ ಎನ್ನುವುದು ಎಲ್ಲರಿಗೂ ಗೊತ್ತು. ಆದರೆ ಗೆಜ್ಜೆಯ ಕೊಂಡಿಯೊಳಗೆ ಉಕ್ಕಿನ ಸಣ್ಣ ಸ್ಪ್ರಿಂಗ್ ಇರುತ್ತದೆ, ಕೆಲವು ಸರಗಳ ತಿರುಪಿನಲ್ಲಿ ಕಬ್ಬಿಣದ ಕಡ್ಡಿ ಇರುತ್ತದೆ, ಗುಂಡಿಯ ಹಿಂದಿನ ಬಳೆ ಎಷ್ಟೋ ಸಲ ಕಬ್ಬಿಣದ ತಂತಿಯದಾಗಿರುತ್ತದೆ. ಇವನ್ನೆಲ್ಲ ಕತ್ತರಿಸಿ ತೆಗೆಯಬೇಕು. ಅಯಸ್ಕಾಂತಕ್ಕೆ ಅಂಟದಿದ್ದ ಮಾತ್ರಕ್ಕೆ ಅದು ಬೆಳ್ಳಿಯೆಂದೂ ಅಲ್ಲ. ಜರ್ಮನ್ ಸಿಲ್ವರ್ ಎಂದು ಜಾತ್ರೆಯಲ್ಲಿ ಮಾರುವ ಲೋಹ ತಾಮ್ರ, ನಿಕ್ಕಲ್, ಸತುಗಳ ಮಿಶ್ರಣವಾಗಿದ್ದು, ಅದರಲ್ಲಿ ಬೆಳ್ಳಿಯ ಲವಲೇಶವೂ ಇರುವುದಿಲ್ಲ. ನನ್ನ ಗಂಟಿನಲ್ಲಿ ಅಂತಹ ಎರಡು ಚಮಚಗಳಿದ್ದವು. ಕೊಟ್ಟವರಿಗೆ ಅವನ್ನು ಹಿಂದಿರುಗಿಸುವಾಗ ಅವರ ಮುಖ ನೋಡುವುದು ಈ ಇಡೀ ಕೆಲಸದಲ್ಲಿಯೇ ಕಷ್ಟದ ಭಾಗವಾಗಿತ್ತು.

ಟೊಳ್ಳಾದ ವಸ್ತುಗಳನ್ನು ಒಡೆಯದೆ ಬೆಂಕಿಗೆ ಹಿಡಿಯುವಂತಿಲ್ಲ. ಒಳಗಿನ ಗಾಳಿ ಮತ್ತು ಪಸೆ ಕಾದು ಹಿಗ್ಗಿದರೆ ವಸ್ತು ಸಿಡಿಯುತ್ತದೆ. ಹಳೆಯ ಕಾಲದ ಕಡಗಗಳನ್ನು ತೆಳುವಾದ ತಗಡಿನಿಂದ ಮಾಡಿ ಒಳಗೆ ಅರಗು ತುಂಬುತ್ತಿದ್ದರು. ಅರಗು ಇದ್ದುದರಿಂದಲೇ ಅದು ನಜ್ಜುಗುಜ್ಜಾಗದೆ ಮೂರು ತಲೆಮಾರು ಬಾಳುತ್ತಿತ್ತು. ನಾನು ಗರಗಸದಿಂದ ಉದ್ದಕ್ಕೂ ಸೀಳಿ, ಮೆಲ್ಲಗೆ ಬಿಸಿ ಮಾಡಿ ಅರಗನ್ನು ಇಳಿಸಿದಾಗ 85 ಗ್ರಾಂ ತೂಗುತ್ತಿದ್ದ ಕಡಗದಲ್ಲಿ ಉಳಿದ ಬೆಳ್ಳಿ 31 ಗ್ರಾಂ. "ಅಕ್ಕನ ಚಿನ್ನವಾದರೂ ಅಕ್ಕಸಾಲಿ ಬಿಡ" ಎಂಬ ಗಾದೆ ಹುಟ್ಟಿದ್ದರಲ್ಲಿ ಇಂತಹ ಅರಗಿನ ಪಾಲೂ ಸಾಕಷ್ಟು ಇದ್ದಿರಬಹುದು. ತಕ್ಕಡಿಯಲ್ಲಿ ತೂಗಿ ಕೊಟ್ಟವರಿಗೆ ಕರಗಿಸಿದ ಮೇಲಿನ ಗಟ್ಟಿ ಅರ್ಧಕ್ಕಿಂತ ಕಡಿಮೆಯಾಗಿ ಕಂಡರೆ ಅನುಮಾನ ಮೂಡುವುದು ಸಹಜವೇ. ಶೇಟರು ಅದಕ್ಕೆಂದೇ ಗಿರಾಕಿಯ ಕಣ್ಣೆದುರಿನಲ್ಲಿ ಒಡೆದು, ಅರಗು, ಹರಳು, ಕಬ್ಬಿಣ ಎಲ್ಲವನ್ನೂ ಬೇರೆ ಬೇರೆ ತೂಗಿ ಚೀಟಿ ಬರೆದ ಮೇಲೆಯೇ ಕೆಲಸ ಹಿಡಿಯುತ್ತಾರೆ. ಆ ಶಿಸ್ತನ್ನು ನಾನೂ ಉಳಿಸಿಕೊಂಡಿದ್ದೇನೆ.

ಇನ್ನು ಶುದ್ಧತೆಯ ಪರೀಕ್ಷೆ. ಶೇಟರು ಮೊದಲು ಬಣ್ಣ ನೋಡುತ್ತಾರೆ, ಆಮೇಲೆ ಬಗ್ಗಿಸಿ ನೋಡುತ್ತಾರೆ. ಒಳ್ಳೆಯ ಬೆಳ್ಳಿ ಮೆತ್ತಗೆ ಬಗ್ಗುತ್ತದೆ, ತಾಮ್ರ ಹೆಚ್ಚಿದಂತೆ ಬಿಗಿಯಾಗುತ್ತದೆ. ನಾನು ವಿಜ್ಞಾನದ ದಾರಿ ಹಿಡಿದೆ. ವಸ್ತುವಿನ ಕಾಣದ ಬದಿಯಲ್ಲಿ ಅರದಿಂದ ಆಳವಾಗಿ ಗೀರಿ, ಅಲ್ಲಿಗೆ ನೈಟ್ರಿಕ್ ಆಮ್ಲದ ಒಂದು ತೊಟ್ಟು ಬಿಡಬೇಕು. ಹಸಿರು ಬಣ್ಣ ಕುದಿದು ಮೇಲೆದ್ದರೆ ತಾಮ್ರವೇ ಪ್ರಧಾನ, ಬೂದಿಗೂಡಿದ ಹಾಲುಬಣ್ಣ ಬಂದರೆ ಬೆಳ್ಳಿ. ಆ ತೊಟ್ಟಿಗೆ ಉಪ್ಪುನೀರು ತಾಗಿಸಿದರೆ ಬೆಳ್ಳಿ ಇದ್ದಲ್ಲಿ ಮೊಸರಿನಂತಹ ಬಿಳಿಯ ಗರಣೆ ಕಟ್ಟಿ, ಬಿಸಿಲಿಗಿಟ್ಟರೆ ನಿಧಾನವಾಗಿ ನೇರಳೆಗಪ್ಪಾಗುತ್ತದೆ. ಮೂವತ್ತು ವರ್ಷ ಕಪ್ಪುಹಲಗೆಯ ಮೇಲೆ ಬರೆದ ಸಿಲ್ವರ್ ಕ್ಲೋರೈಡ್ ಭರಣಿಯ ತಳದಲ್ಲಿ ಕಂಡಾಗ ನನಗಾದ ಸಂತೋಷ ಶೇಟರಿಗೆ ಅರ್ಥವಾಗಲಿಲ್ಲ. ಅವರು ಅದನ್ನು ಕಣ್ಣಿನಲ್ಲಿಯೇ ಹೇಳಿ ಮುಗಿಸಿದ್ದರು.

ಹೆಚ್ಚು ನಿಖರವಾಗಿ ತಿಳಿಯಬೇಕೆಂದರೆ ಎಕ್ಸ್-ರೇ ಯಂತ್ರವಿರುವ ಪರೀಕ್ಷಾ ಕೇಂದ್ರಕ್ಕೆ ಹೋಗಬೇಕು. ಅಲ್ಲಿಯೂ ಒಂದು ಎಚ್ಚರಿಕೆ ಬೇಕು. ಯಂತ್ರ ನೋಡುವುದು ಕೂದಲೆಳೆಯ ದಪ್ಪವೂ ಇಲ್ಲದ ಮೇಲ್ಪದರವನ್ನು ಮಾತ್ರ. ಹಿಂದಿನವರು ಆಭರಣವನ್ನು ಮತ್ತೆ ಮತ್ತೆ ಕಾಯಿಸಿ ಹುಳಿಯಲ್ಲಿ ಅದ್ದಿ ಬೆಳ್ಳಗೆ ಮಾಡುತ್ತಿದ್ದುದರಿಂದ ಮೇಲ್ಮೈಯ ತಾಮ್ರ ಕಳೆದು, ಹೊರಗೆ ಶುದ್ಧ ಬೆಳ್ಳಿಯ ಪದರ ಉಳಿದಿರುತ್ತದೆ. ಹಾಗಾಗಿ ಗೀರದೆ ಪರೀಕ್ಷಿಸಿದರೆ ಹಳೆಯ ಬೆಳ್ಳಿ ತನ್ನ ಯೋಗ್ಯತೆಗಿಂತ ಹೆಚ್ಚಿನ ಅಂಕ ಪಡೆಯುತ್ತದೆ. ಗೀರಿದ ಜಾಗವನ್ನೇ ಯಂತ್ರಕ್ಕೆ ತೋರಿಸಬೇಕೆಂದು ಕೇಳಿಕೊಳ್ಳಬೇಕು.

ಹೀಗೆ ನೋಡಿದಾಗ ಕಾಲುಂಗುರಗಳು 90 ಟಚ್, ಅಂದರೆ ನೂರಕ್ಕೆ ತೊಂಬತ್ತು ಪಾಲು ಬೆಳ್ಳಿ, ಅದರ ಮೇಲೆ ಬಂದವು. ದಪ್ಪ ತಂತಿಯನ್ನು ಸುತ್ತಿ ಮಾಡಿದ್ದರಿಂದ ಅವುಗಳಲ್ಲಿ ಬೆಸುಗೆ ಬಹುತೇಕ ಇಲ್ಲ. ಮರುಬಳಕೆಗೆ ಇಂತಹ ಬೆಳ್ಳಿಯೇ ಲೇಸು. ಗೆಜ್ಜೆಗಳ ಕತೆ ಬೇರೆ. ಈಗ ನಮ್ಮ ಪೇಟೆಗಳಲ್ಲಿ ಸಿಗುವ ಗೆಜ್ಜೆಗಳಲ್ಲಿ ಹೆಚ್ಚಿನವು ತಮಿಳುನಾಡಿನ ಸೇಲಂ ಅಥವಾ ನಿಪ್ಪಾಣಿಯಾಚೆ ಕೊಲ್ಹಾಪುರ ಜಿಲ್ಲೆಯ ಹುಪರಿಯಂತಹ ಊರುಗಳಿಂದ ಬರುತ್ತವೆ. ಒಂದೊಂದು ಗೆಜ್ಜೆಯಲ್ಲಿಯೂ ನೂರಾರು ಕೊಂಡಿಗಳು, ಪ್ರತಿ ಕೊಂಡಿಗೂ ಒಂದು ಬೆಸುಗೆ. ಬೆಸುಗೆಯು ಆಭರಣಕ್ಕಿಂತ ಮೊದಲು ಕರಗಬೇಕಾದ್ದರಿಂದ ಅದರಲ್ಲಿ ತಾಮ್ರ, ಸತು ಹೆಚ್ಚಿರಲೇಬೇಕು. ಕೆಲವು ಕಡೆ ಕ್ಯಾಡ್ಮಿಯಂ ಕೂಡ ಇರಬಹುದು, ಅದರ ಹೊಗೆ ಶ್ವಾಸಕೋಶಕ್ಕೆ ವಿಷ. ಕೊಂಡಿಯ ತಂತಿ 80 ಟಚ್ ಇದ್ದರೂ ಇಡೀ ಗೆಜ್ಜೆ ಕರಗಿದಾಗ ಅದಕ್ಕಿಂತ ಕೆಳಗೆ ಇಳಿಯುತ್ತದೆ. "ಗೆಜ್ಜೆಯನ್ನು ಒಳ್ಳೆಯ ಬೆಳ್ಳಿಗೆ ಸೇರಿಸಬೇಡಿ, ಒಂದು ಗೆಜ್ಜೆ ಇಡೀ ಮೂಸೆಯ ಮರ್ಯಾದೆ ತೆಗೆಯುತ್ತದೆ" ಎಂದು ಶೇಟರು ಹೇಳಿದ್ದು ಇದಕ್ಕಾಗಿಯೇ.

ಕಡಿಮೆ ಟಚ್‌ನ ಬೆಳ್ಳಿಗೆ ಶುದ್ಧ ಬೆಳ್ಳಿ ಸೇರಿಸಿ ಮೇಲಕ್ಕೆ ತರಬಾರದೇ ಎಂದು ಕೇಳುವವರಿದ್ದಾರೆ. ತರಬಹುದು, ಲೆಕ್ಕ ಮಾತ್ರ ಕಣ್ಣು ತೆರೆಸುತ್ತದೆ. ಸಾವಿರಕ್ಕೆ ಎಷ್ಟು ಪಾಲು ಬೆಳ್ಳಿ ಎಂದು ಹೇಳುವ ಅಂಕದಲ್ಲಿ, ನೂರು ಗ್ರಾಂ 800ರ (ಅಂದರೆ 80 ಟಚ್‌ನ) ಬೆಳ್ಳಿಯನ್ನು 925ಕ್ಕೆ ಏರಿಸಲು 999ರ ಹೊಸ ಬೆಳ್ಳಿ ಸುಮಾರು 169 ಗ್ರಾಂ ಬೇಕು. ಅಂದರೆ ಹಳೆಯದಕ್ಕಿಂತ ಹೊಸದೇ ಹೆಚ್ಚಾಯಿತು. ಅದೇ 900ರ ಬೆಳ್ಳಿಯಾದರೆ 34 ಗ್ರಾಂ ಸಾಕು. ಈ ಎರಡು ಸಂಖ್ಯೆಗಳನ್ನು ನಾನು ಗೋಡೆಗೆ ಅಂಟಿಸಿಕೊಂಡಿದ್ದೇನೆ. 900ರ ಮೇಲಿರುವುದನ್ನು ಉಳಿಸಿಕೊಳ್ಳುವುದು, ಕೆಳಗಿರುವುದನ್ನು ಶುದ್ಧಿ ಮಾಡುವವರಿಗೆ ಕಳುಹಿಸುವುದು, ಇದು ನನ್ನ ಮಟ್ಟಿಗೆ ಗೆರೆ. ಮನೆಯಲ್ಲಿಯೇ ನೈಟ್ರಿಕ್ ಆಮ್ಲದಲ್ಲಿ ಕರಗಿಸಿ, ತಾಮ್ರದ ತುಂಡು ಇಳಿಬಿಟ್ಟು ಬೆಳ್ಳಿಯನ್ನು ಇಳಿಸಿಕೊಳ್ಳುವ ವಿಧಾನ ನನಗೆ ಗೊತ್ತಿದೆ, ಪಾಠವನ್ನೂ ಮಾಡಿದ್ದೇನೆ. ಆದರೆ ಅದರಿಂದ ಏಳುವ ಕಂದು ಹೊಗೆ ಮತ್ತು ಉಳಿಯುವ ತಾಮ್ರದ ನೀಲಿ ದ್ರಾವಣ ಮನೆಯ ಹಿತ್ತಿಲಿಗೆ, ಅದರಲ್ಲೂ ಬಾವಿಯಿರುವ ಹಿತ್ತಿಲಿಗೆ, ತಕ್ಕುದಲ್ಲ.

ನಾಣ್ಯಗಳ ವಿಷಯದಲ್ಲಿ ಎರಡು ಕಾರಣಗಳಿಗೆ ಕೈ ತಡೆದೆ. ಬ್ರಿಟಿಷರ ಕಾಲದ ರೂಪಾಯಿ 11.66 ಗ್ರಾಂ ತೂಗುತ್ತಿದ್ದು, ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿಯಾಗಿತ್ತು. ಅದರಿಂದ ಒಳ್ಳೆಯ ಆಭರಣವಾಗುತ್ತದೆ ಎಂಬ ನಂಬಿಕೆ ಅಕ್ಕಸಾಲಿಗಳಲ್ಲಿ ಇಂದಿಗೂ ಇದೆ. ಎರಡನೆಯ ಮಹಾಯುದ್ಧ ಬಂದಾಗ, 1940ರಿಂದ, ಆರನೆಯ ಜಾರ್ಜ್ ದೊರೆಯ ಮುಖವಿದ್ದ ರೂಪಾಯಿಯಲ್ಲಿ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿ, ಉಳಿದದ್ದಕ್ಕೆ 40 ಪಾಲು ತಾಮ್ರ, ಐದೈದು ಪಾಲು ನಿಕ್ಕಲ್ ಮತ್ತು ಸತು ಬೆರೆಸಿದರು. 1947ರಲ್ಲಿ ಬಂದ ರೂಪಾಯಿಯಲ್ಲಿ ಬೆಳ್ಳಿಯೇ ಇಲ್ಲ, ಅದು ನಿಕ್ಕಲ್. ಮೂರೂ ಒಂದೇ ಪೊಟ್ಟಣದಲ್ಲಿದ್ದರೆ ಇಸವಿ ಓದದೆ ಕರಗಿಸುವವನ ಗತಿ ಏನಾಗಬೇಕು? ನಿಕ್ಕಲ್ ಸೇರಿದ ಆಭರಣ ಕೆಲವರ ಚರ್ಮಕ್ಕೆ ತುರಿಕೆಯನ್ನೂ ತರುತ್ತದೆ. ಎರಡನೆಯ ಕಾರಣ ಸರಳವಾದದ್ದು. ಅಚ್ಚಿನ ಗೆರೆಗಳು ಸ್ಪಷ್ಟವಾಗಿರುವ ಹಳೆಯ ನಾಣ್ಯಕ್ಕೆ ಲೋಹದ ಬೆಲೆಗಿಂತ ಹೆಚ್ಚು ಕೊಡುವ ಸಂಗ್ರಾಹಕರಿದ್ದಾರೆ, ಮತ್ತು ಕರಗಿಸಿದ ನಾಣ್ಯವನ್ನು ಯಾರೂ ಮರಳಿ ಅಚ್ಚು ಹಾಕಲಾರರು. ನಾಣ್ಯಗಳು ಹಾಗೆಯೇ ಅವರವರ ಮನೆಗೆ ಮರಳಿದವು. ಚಿತ್ತಾರದ ತಾಯತದ ಕೊಳವೆಯೊಂದನ್ನೂ ನಾನು ಒಡೆಯಲಿಲ್ಲ. ಅಂತಹ ತಂತಿಕೆಲಸ ಮಾಡುವ ಕೈಗಳು ನಮ್ಮ ಸುತ್ತಿನಲ್ಲಿ ಈಗ ಕಾಣುವುದಿಲ್ಲ. ಹಳೆಯದನ್ನೆಲ್ಲ ಕರಗಿಸುವುದೇ ಪರಿಸರಪ್ರೀತಿ ಎಂದು ಹೇಳುವವರ ಮಾತು ನನಗೆ ಅಷ್ಟಾಗಿ ರುಚಿಸುವುದಿಲ್ಲ.

ಎಲ್ಲಕ್ಕಿಂತ ಅಪಾಯಕಾರಿ ಚೂರುಗಳೆಂದರೆ ರಿಪೇರಿಯಾದವು. ಕುಂಕುಮದ ಭರಣಿಯ ತಳ ಬಿಟ್ಟುಹೋದಾಗ ಯಾರೋ ಅದನ್ನು ಪಾತ್ರೆ ಬೆಸೆಯುವ ಸೀಸ, ತವರದ ಬೆಸುಗೆಯಿಂದ ಅಂಟಿಸಿದ್ದರು. ನೋಡಲು ಬೂದುಬಣ್ಣದ ಮಂದ ಗೆರೆ, ಉಗುರಿನಿಂದ ಗೀರಿದರೂ ಗುರುತು ಬೀಳುವಷ್ಟು ಮೆತ್ತಗೆ. ಬೆಳ್ಳಿಯೊಳಗೆ ಸೀಸ ಒಂದಿಷ್ಟು ಸೇರಿದರೂ ಗಟ್ಟಿ ಬಡಿತಕ್ಕೆ ನಿಲ್ಲುವುದಿಲ್ಲ, ಬಿಸ್ಕತ್ತಿನಂತೆ ಪುಡಿಯಾಗುತ್ತದೆ. ಬೆಸುಗೆ ಇರುವ ಭಾಗವನ್ನು ಅರ್ಧ ಅಂಗುಲ ದೂರದಿಂದ ಕತ್ತರಿಸಿ ತೆಗೆದೆ. ಉಳಿದ ಭಾಗವನ್ನು ನಂಬಬಹುದೇ ಎಂದು ತಿಳಿಯಲು ಶೇಟರು ಒಂದು ಉಪಾಯ ತೋರಿಸಿದರು. ಅನುಮಾನದ ವಸ್ತುವಿನಿಂದ ಕಡಲೆಯಷ್ಟು ಚೂರು ಕತ್ತರಿಸಿ, ಇದ್ದಿಲಿನ ಮೇಲೆ ಕರಗಿಸಿ ಗುಂಡು ಮಾಡಿ, ಅಡಿಗಲ್ಲಿನ ಮೇಲಿಟ್ಟು ಚಪ್ಪಟೆಯಾಗುವವರೆಗೆ ಬಡಿಯಬೇಕು. ಅಂಚು ಉರುಟಾಗಿ ಹರಡಿದರೆ ಒಳ್ಳೆಯದು, ಹಲ್ಲುಹಲ್ಲಾಗಿ ಬಿರಿದರೆ ಶುದ್ಧಿಯವರ ಪೆಟ್ಟಿಗೆಗೆ. ಭರಣಿಯ ಗುಂಡು ಉರುಟಾಗಿಯೇ ಹರಡಿತು, ಆರತಿಯ ಹಿಡಿಯದು ಬಿರಿಯಿತು. ಯಾವ ಯಂತ್ರವೂ ಇಲ್ಲದೆ, ಐದು ನಿಮಿಷದಲ್ಲಿ, ಇಷ್ಟು ಖಚಿತವಾಗಿ ಉತ್ತರ ಕೊಡುವ ಪರೀಕ್ಷೆ ನಮ್ಮ ಶಾಲೆಯ ಪ್ರಯೋಗಾಲಯದಲ್ಲಿಯೂ ಇರಲಿಲ್ಲ.

ಕೊನೆಗೆ ಬಟ್ಟೆಯ ಮೇಲೆ ಉಳಿದ ಒಳ್ಳೆಯ ಗುಡ್ಡೆಯನ್ನು ತೂಗಿದಾಗ 212 ಗ್ರಾಂ ಬಂತು. ಅದನ್ನು ಸೋಪಿನ ನೀರಿನಲ್ಲಿ ಕುದಿಸಿ, ಎಣ್ಣೆ, ಅರಿಸಿನ ಕುಂಕುಮದ ಜಿಡ್ಡು ತೆಗೆದು, ಒಣಗಿಸಿ, ಚಿಕ್ಕದಾಗಿ ಕತ್ತರಿಸಿಟ್ಟೆ. ಹೊಸ ಮಣ್ಣಿನ ಮೂಸೆಯನ್ನು ಮೊದಲು ಬಿಳಿಗಾರ (ಬೊರಾಕ್ಸ್) ಹಾಕಿ ಕಾಯಿಸಿ, ಒಳಮೈಗೆಲ್ಲ ಗಾಜಿನಂತಹ ಲೇಪ ಕಟ್ಟುವಂತೆ ತಿರುಗಿಸಬೇಕು. ಹಾಗೆ ಮಾಡದಿದ್ದರೆ ಮೂಸೆಯ ಮಣ್ಣು ಬೆಳ್ಳಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ದೊಡ್ಡ ಚೂರುಗಳು ಮೊದಲು, ಸಣ್ಣವು ಆಮೇಲೆ. ಶುದ್ಧ ಬೆಳ್ಳಿ 962 ಡಿಗ್ರಿಯ ಹತ್ತಿರ ಕರಗುತ್ತದೆ, 925ರ ಬೆಳ್ಳಿ ಅದಕ್ಕಿಂತ ಮೊದಲೇ 800ರ ಆಸುಪಾಸಿನಲ್ಲಿ ಮೆತ್ತಗಾಗಲು ತೊಡಗಿ 900ರ ಸುಮಾರಿಗೆ ಪೂರ್ತಿ ನೀರಾಗುತ್ತದೆ. ಈ ನಡುವಿನ ಹೊತ್ತಿನಲ್ಲಿ ಲೋಹ ಗಂಜಿಯಂತಿರುವಾಗ ಸುರಿಯಲು ಆತುರಪಟ್ಟರೆ ಗಟ್ಟಿಯಲ್ಲಿ ಮಡಿಕೆಗಳು ಉಳಿಯುತ್ತವೆ.

ಕರಗಿದ ಬೆಳ್ಳಿಗೆ ಇರುವ ಒಂದು ಗುಣವನ್ನು ನಾನು ಓದಿದ್ದೆ, ನೋಡಿರಲಿಲ್ಲ. ಅದು ಗಾಳಿಯ ಆಮ್ಲಜನಕವನ್ನು ತನ್ನ ಗಾತ್ರದ ಸುಮಾರು 20 ಪಟ್ಟು ಹೀರಿಕೊಳ್ಳುತ್ತದೆ, ಗಟ್ಟಿಯಾಗುವಾಗ ಅದನ್ನೆಲ್ಲ ಹೊರಗೆ ಉಗುಳುತ್ತದೆ. ಹಾಗೆ ಉಗುಳಿದಾಗ ಮೇಲ್ಮೈ ಗುಳ್ಳೆಗುಳ್ಳೆಯಾಗಿ, ಒಳಗೆ ಕಣ್ಣಿಗೆ ಕಾಣದ ರಂಧ್ರಗಳು ಉಳಿಯುತ್ತವೆ. ಮುಂದೆ ತಗಡು ಮಾಡುವಾಗ ಅವೇ ಪದರುಪದರಾಗಿ ಏಳುತ್ತವೆ. ಅದಕ್ಕೆ ಪರಿಹಾರ ಮೂಸೆಯೊಳಗೆ ಒಂದು ತುಂಡು ಇದ್ದಿಲು ತೇಲಿಸುವುದು ಮತ್ತು ಜ್ವಾಲೆಯಲ್ಲಿ ಗಾಳಿ ಕಡಿಮೆ ಮಾಡಿ ಅದನ್ನು ಹಳದಿಗೂಡಿದ ಮೆತ್ತನೆಯ ಜ್ವಾಲೆಯಾಗಿಸಿ, ಸುರಿಯುವ ಕ್ಷಣದವರೆಗೂ ಬೆಳ್ಳಿಯ ಮೇಲೆ ಹೊದಿಸಿರುವುದು. ಇಂಗಾಲ ಆಮ್ಲಜನಕವನ್ನು ಸೆಳೆದುಕೊಳ್ಳುತ್ತದೆ ಎಂಬುದು ನನ್ನ ವಿವರಣೆ. "ಇದ್ದಿಲು ಇಲ್ಲದೆ ಬೆಳ್ಳಿ ಮುನಿಸಿಕೊಳ್ಳುತ್ತದೆ" ಎಂಬುದು ಶೇಟರ ವಿವರಣೆ. ಕೈ ಮಾಡಬೇಕಾದ ಕೆಲಸ ಎರಡರಲ್ಲಿಯೂ ಒಂದೇ.

ಅಚ್ಚು ಕಬ್ಬಿಣದ್ದು. ಅದಕ್ಕೆ ತೆಳುವಾಗಿ ಎಣ್ಣೆ ಸವರಿ, ಕೈಯಿಂದ ಮುಟ್ಟಲಾಗದಷ್ಟು ಬಿಸಿ ಮಾಡಿಟ್ಟಿರಬೇಕು. ತಣ್ಣಗಿದ್ದರೆ ಬೆಳ್ಳಿ ಸುರಿದಲ್ಲಿಯೇ ಹೆಪ್ಪುಗಟ್ಟುತ್ತದೆ, ನೀರಿನ ಪಸೆಯಿದ್ದರೆ ಸಿಡಿದು ಮುಖಕ್ಕೆ ಬರುತ್ತದೆ. ಮಳೆಗಾಲದ ಕುಮಟಾದಲ್ಲಿ ಒಣಗಿದ ವಸ್ತು ಎಂಬುದೇ ಅಪರೂಪವಾದ್ದರಿಂದ ಅಚ್ಚನ್ನು ಎರಡೆರಡು ಸಲ ಕಾಯಿಸುವುದು ಅಲ್ಲಿಯ ರೂಢಿ. ಸುರಿಯುವುದು ಒಂದೇ ಧಾರೆಯಲ್ಲಿ, ನಡುವೆ ನಿಲ್ಲಿಸದೆ ಆಗಬೇಕು. ತಣಿದ ಮೇಲೆ ಗಟ್ಟಿ 209.5 ಗ್ರಾಂ ತೂಗಿತು. ಕಳೆದ ಎರಡೂವರೆ ಗ್ರಾಂ ಬಿಳಿಗಾರದ ಕಿಟ್ಟದಲ್ಲಿ, ಸುಟ್ಟ ಸತುವಿನಲ್ಲಿ, ಉಳಿದ ಜಿಡ್ಡಿನಲ್ಲಿ ಹೋಗಿತ್ತು. ಕಿಟ್ಟವನ್ನು ಕುಟ್ಟಿ ತೊಳೆದಾಗ ಅದರಿಂದಲೂ ಸಾಸಿವೆ ಗಾತ್ರದ ಕೆಲವು ಕಾಳುಗಳು ಸಿಕ್ಕವು.

ಗಟ್ಟಿಯನ್ನು ತಗಡಾಗಿಯೋ ತಂತಿಯಾಗಿಯೋ ಮಾಡುವುದು ತಾಳ್ಮೆಯ ಕೆಲಸ. ಮೊದಲು ಮೇಲ್ಮೈಯ ಗುಳಿಗಳನ್ನು ಅರದಿಂದ ತೆಗೆಯಬೇಕು. ಬಡಿದಂತೆಲ್ಲ ಬೆಳ್ಳಿ ಬಿಗಿಯಾಗುತ್ತದೆ. ದಪ್ಪ ಅರ್ಧಕ್ಕೆ ಇಳಿಯುವುದರೊಳಗೆ ಕಾಯಿಸಿ ಮೆತ್ತಗಾಗಿಸದಿದ್ದರೆ ಅಂಚು ಸೀಳುತ್ತದೆ. ಕಾಯಿಸುವುದು ಮಂದ ಕೆಂಪು ಬರುವವರೆಗೆ, ಅಂದರೆ ಸುಮಾರು 600ರಿಂದ 650 ಡಿಗ್ರಿ. ಆ ಕೆಂಪು ಹಗಲಿನ ಬೆಳಕಿನಲ್ಲಿ ಕಾಣುವುದಿಲ್ಲ. ಅಕ್ಕಸಾಲೆಗಳು ಯಾಕೆ ಯಾವಾಗಲೂ ಅರೆಗತ್ತಲಿನಲ್ಲಿರುತ್ತವೆ ಎಂಬ ನನ್ನ ಬಾಲ್ಯದ ಪ್ರಶ್ನೆಗೆ ಉತ್ತರ ಅಲ್ಲಿ ಸಿಕ್ಕಿತು. ಸೀಳಿದ ಅಂಚು ಕಂಡರೆ ಒಡನೆ ಕತ್ತರಿಸಬೇಕು, ಒಂದು ಗ್ರಾಂ ಉಳಿಸಲು ಹೋದರೆ ಬಿರುಕು ನಡುವಿನವರೆಗೂ ಓಡುತ್ತದೆ. ಪ್ರತಿ ಸಲ ಕಾಯಿಸಿದಾಗಲೂ ತಾಮ್ರ ಸುಟ್ಟು ಮೈ ಕಪ್ಪಾಗುತ್ತದೆ. ಶೇಟರು ಅದನ್ನು ಹುಣಸೆಹಣ್ಣಿನ ನೀರಿನಲ್ಲಿ ಕುದಿಸಿ, ಅಂಟುವಾಳದ ನೊರೆಯಲ್ಲಿ ಹಿತ್ತಾಳೆಯ ಬ್ರಷ್‌ನಿಂದ ಉಜ್ಜುತ್ತಾರೆ. ನಮ್ಮ ಮನೆಯಲ್ಲಿ ಮುರುಗಲ ಸಿಪ್ಪೆ ಧಾರಾಳವಾಗಿರುವುದರಿಂದ ನಾನು ಅದನ್ನು ಹಾಕಿ ನೋಡಿದೆ. ಕೆಲಸ ಆಗುತ್ತದೆ, ಹೊತ್ತು ಸ್ವಲ್ಪ ಹೆಚ್ಚು ಬೇಕು.

ಆ ಗಟ್ಟಿಯಿಂದ ಸೊಸೆಗೆ ಒಂದು ಜೊತೆ ಬಳೆ, ತಂಗಿಯ ಮಗಳಿಗೆ ಒಂದು ಪದಕ ಮಾಡಿದೆ. ಬಳೆಯ ಕೆಲಸದಲ್ಲಿ ಹೇಳುವಂಥದ್ದು ಹೆಚ್ಚೇನಿಲ್ಲ, ತಂತಿಯನ್ನು ಎಳೆದು, ಎರಡನ್ನು ಹೊಸೆದು, ಬಾಯಿ ಬೆಸೆದದ್ದು ಅಷ್ಟೆ. ಪದಕ ನನ್ನನ್ನು ಹೆಚ್ಚು ಹಿಡಿದಿಟ್ಟಿತು. ಕತ್ತರಿಸಿ ಉಳಿದ ತಂತಿಯ ತುದಿಗಳನ್ನು ಮತ್ತೆ ಮೂಸೆಗೆ ಹಾಕುವ ಬದಲು ಒಂದೇ ಅಳತೆಗೆ ತುಂಡರಿಸಿ, ಇದ್ದಿಲಿನ ಮೇಲೆ ತೋಡಿದ ಸಣ್ಣ ಕುಳಿಗಳಲ್ಲಿ ಒಂದೊಂದಾಗಿ ಕರಗಿಸಿದರೆ, ಕರಗಿದ ಲೋಹ ತಾನಾಗಿಯೇ ಮುದುರಿ ಗುಂಡಾಗುತ್ತದೆ. ತುಂಡುಗಳು ಒಂದೇ ಉದ್ದವಿದ್ದರೆ ಗುಂಡುಗಳೂ ಒಂದೇ ಗಾತ್ರ. ಅವುಗಳನ್ನು ಪದಕದ ಅಂಚಿಗೆ ಸಾಲಾಗಿ ಬೆಸೆದೆ. ಚೂರು ಬೆಳ್ಳಿಗೆ ಇದಕ್ಕಿಂತ ಒಳ್ಳೆಯ ಉಪಯೋಗ ನನಗೆ ಕಂಡಿಲ್ಲ, ಏಕೆಂದರೆ ಇಲ್ಲಿ ಬಡಿಯುವುದಿಲ್ಲ, ಎಳೆಯುವುದಿಲ್ಲ, ಹೊಸ ಚೂರುಗಳೂ ಹುಟ್ಟುವುದಿಲ್ಲ.

ಪದಕದ ಮೈಯನ್ನು ಎರಕ ಹೊಯ್ದದ್ದು ಸಮುದ್ರಫೇನದಲ್ಲಿ, ಅಂದರೆ ಕಟಲ್‌ಫಿಶ್ ಎಂಬ ಕಡಲಜೀವಿಯ ಒಳಮೂಳೆಯಲ್ಲಿ. ಮಳೆಗಾಲ ಕಳೆದ ಮೇಲೆ ಕುಮಟಾ ಹತ್ತಿರದ ಬಾಡ ಎಂಬ ಊರಿನ ಕಡಲತೀರದಲ್ಲಿ ಬಿಳಿಯ, ಹಗುರವಾದ, ದೋಣಿಯಾಕಾರದ ಈ ಮೂಳೆಗಳು ಬಿದ್ದಿರುತ್ತವೆ. ಹಕ್ಕಿ ಸಾಕುವವರು ಗಿಳಿಯ ಪಂಜರಕ್ಕೆ ಒಯ್ಯುತ್ತಾರೆ, ನಾಟಿವೈದ್ಯರೂ ಒಯ್ಯುತ್ತಾರೆ. ಇದರ ಮೆತ್ತನೆಯ ಸುಣ್ಣದ ಭಾಗ ಬೆಳ್ಳಿಯ ಬಿಸಿಯನ್ನು ಒಂದು ಸಲ ತಡೆದುಕೊಳ್ಳುತ್ತದೆ. ಎರಡು ತುಂಡುಗಳನ್ನು ಮುಖಾಮುಖಿ ಉಜ್ಜಿ ಸಮಗೊಳಿಸಿ, ಒಂದರಲ್ಲಿ ಆಕಾರ ಕೊರೆದು, ಮೇಲಿನಿಂದ ಲೋಹ ಇಳಿಯಲು ಬಾಯಿ ಮತ್ತು ಗಾಳಿ ಹೋಗಲು ಸಣ್ಣ ಗೆರೆಗಳನ್ನು ಮಾಡಿ, ತಂತಿಯಿಂದ ಕಟ್ಟಿ ನಿಲ್ಲಿಸಬೇಕು. ಸುರಿದಾಗ ಸುಟ್ಟ ಕೂದಲಿನ ವಾಸನೆ ಕೋಣೆಯನ್ನೆಲ್ಲ ತುಂಬುತ್ತದೆ. ಬಿಚ್ಚಿದಾಗ ಪದಕದ ಮೇಲೆ ಮೂಳೆಯ ಪದರಗಳು ಅಲೆಅಲೆಯಾಗಿ ಮೂಡಿರುತ್ತವೆ. ನಾನು ಅದನ್ನು ಉಜ್ಜಿ ನುಣುಪಾಗಿಸಲಿಲ್ಲ. ಶೇಟರಿಗೆ ಇದು ಅಷ್ಟಾಗಿ ಹಿಡಿಸಲಿಲ್ಲ, "ಕೆಲಸ ಅರ್ಧಕ್ಕೆ ಬಿಟ್ಟ ಹಾಗೆ ಕಾಣುತ್ತದೆ ಅಕ್ಕೋರೆ" ಎಂದರು. ನನ್ನ ಕಣ್ಣಿಗೆ ಅದು ಚೆನ್ನಾಗಿಯೇ ಕಂಡಿತು.

ಅರದ ಪುಡಿಯ ವಿಷಯದಲ್ಲಿ ಶೇಟರ ನಿಷ್ಠೆ ಬೆರಗು ಹುಟ್ಟಿಸುವಂಥದ್ದು. ಮೇಜಿನ ಕೆಳಗೆ ತಗಡಿನ ಸೆಳೆಖಾನೆ, ಮಡಿಲಿಗೆ ಚರ್ಮದ ಹಾಸು. ಅಲ್ಲಿ ಬಿದ್ದ ಪುಡಿಯನ್ನು ಸಂಜೆ ಗುಡಿಸಿ ಡಬ್ಬಿಗೆ ಹಾಕುತ್ತಾರೆ. ಬೆಸುಗೆಯಿದ್ದ ಜಾಗ ಅರೆದಾಗ ಬಂದ ಪುಡಿಗೆ ಬೇರೆಯೇ ಡಬ್ಬಿ. ನೆಲದ ಕಸವನ್ನೂ ಎಸೆಯುವುದಿಲ್ಲ, ಅದನ್ನು ಕೊಂಡು ತೊಳೆದು ಲೋಹ ತೆಗೆಯುವವರು ವರ್ಷಕ್ಕೊಮ್ಮೆ ಬರುತ್ತಾರೆ. ಪುಡಿಯನ್ನು ಕರಗಿಸುವ ಮುನ್ನ ಅಯಸ್ಕಾಂತವನ್ನು ಕಾಗದದಲ್ಲಿ ಸುತ್ತಿ ಆಡಿಸಿದರೆ ಅರದ ಉಕ್ಕಿನ ಕಣಗಳೂ ಮುರಿದ ಗರಗಸದ ಹಲ್ಲುಗಳೂ ಮೇಲೆ ಬರುತ್ತವೆ. ಆಮೇಲೆ ಬಿಳಿಗಾರ ಬೆರೆಸಿ, ತೆಳುವಾದ ಕಾಗದದಲ್ಲಿ ಪೊಟ್ಟಣ ಕಟ್ಟಿ ಮೂಸೆಗೆ ಇಳಿಸಬೇಕು, ಹಾಗೆಯೇ ಸುರಿದರೆ ಜ್ವಾಲೆಯ ಗಾಳಿಗೆ ಅರ್ಧ ಹಾರಿಹೋಗುತ್ತದೆ. ಚಿಟಿಕೆ ಪೆಟ್ಲುಪ್ಪು (ಪೊಟ್ಯಾಸಿಯಂ ನೈಟ್ರೇಟ್) ಸೇರಿಸಿದರೆ ಉಳಿದ ಕೀಳು ಲೋಹಗಳು ಸುಟ್ಟು ಕಿಟ್ಟದಲ್ಲಿ ಸೇರುತ್ತವೆ. ಹೀಗೆ ಬಂದ ಬೆಳ್ಳಿಯನ್ನು ಆಭರಣಕ್ಕೆ ಬಳಸದೆ, ಮೂರು ಪಾಲಿಗೆ ಒಂದು ಪಾಲು ಹಿತ್ತಾಳೆ ಕೂಡಿಸಿ ಶೇಟರು ಬೆಸುಗೆ ಮಾಡಿಕೊಳ್ಳುತ್ತಾರೆ.

ಉಳಿತಾಯವಾಯಿತೇ ಎಂದು ಕೇಳಿದರೆ ಲೋಹದ ಮಟ್ಟಿಗೆ ಹೌದು ಎನ್ನಬಹುದು. ಕೈಕೆಲಸಕ್ಕೆ ಕೂಲಿ ಹಾಕಿದರೆ ಆ ಬಳೆಗಳು ಅಂಗಡಿಯ ಬಳೆಗಳಿಗಿಂತ ದುಬಾರಿಯಾಗುತ್ತವೆ, ಅದರಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲ. ಜನ ಇದನ್ನು ಬಯಸುವುದಕ್ಕೆ ಕಾರಣ ಬೇರೆ. ಅತ್ತೆಯ ಕಾಲುಂಗುರ ತಂದವರು "ನಮ್ಮದು ಬೇರೆಯವರದರ ಜೊತೆ ಬೆರೆಯಬಾರದು" ಎಂದು ಕೇಳುತ್ತಾರೆ. ಹಾಗೆ ಕೇಳಿದವರ ಬೆಳ್ಳಿಯನ್ನು ಚಿಕ್ಕ ಮೂಸೆಯಲ್ಲಿ ಬೇರೆಯಾಗಿಯೇ ಕರಗಿಸಿಕೊಡುವುದು ಸಾಧ್ಯ, ಕನಿಷ್ಠ ಹತ್ತು ಹನ್ನೆರಡು ಗ್ರಾಂ ಇರಬೇಕು ಅಷ್ಟೆ. ಶುದ್ಧಿಯವರಿಗೆ ಹೋದದ್ದಕ್ಕೆ ಆ ಮಾತು ಕೊಡಲಾಗದು. ಅಲ್ಲಿಂದ ಮರಳುವುದು ಎಲ್ಲರದ್ದೂ ಕೂಡಿದ 999ರ ಬೆಳ್ಳಿ, ಅದನ್ನು ಮೊದಲೇ ಹೇಳಿಬಿಡಬೇಕು. ನನ್ನ ಗೆಜ್ಜೆಗಳ ಗುಡ್ಡೆಗೆ ಪ್ರತಿಯಾಗಿ ಬಂದದ್ದು 120 ಗ್ರಾಂ. ಅದನ್ನು 925 ಮಾಡಲು 9.6 ಗ್ರಾಂ ತಾಮ್ರ ಬೇಕು, ವಿದ್ಯುತ್ ತಂತಿಯ ಹೊದಿಕೆ ಬಿಡಿಸಿ ತೆಗೆದ ಶುಭ್ರ ತಾಮ್ರವೇ ಇದಕ್ಕೆ ಸರಿ.

ನಾನು ಮಾಡಿದ ಆಭರಣಗಳ ಮೇಲೆ ಹಾಲ್‌ಮಾರ್ಕ್ ಇಲ್ಲ. ಬೆಳ್ಳಿಗೆ ಅದು ಚಿನ್ನದಂತೆ ಕಡ್ಡಾಯವಲ್ಲ, ಮತ್ತು ಗುರುತು ಹಾಕಿಸಿಕೊಳ್ಳಲು ನೋಂದಾಯಿತ ವ್ಯಾಪಾರಿಯಾಗಿರಬೇಕು. ಹಾಗಾಗಿ ಪ್ರತಿಯೊಂದರ ಜೊತೆಗೂ ಒಂದು ಚೀಟಿ ಇಡುತ್ತೇನೆ. ಪದಕದ ಚೀಟಿಯಲ್ಲಿ ಹೀಗಿದೆ: "ಕಾಲುಂಗುರ, ಭರಣಿಗಳ ಹಳೆಯ ಬೆಳ್ಳಿ, ಗೀರಿ ನೋಡಿದಾಗ 91 ಟಚ್. ಅಂಚಿನ ಗುಂಡುಗಳಿಗೂ ಮೇಲಿನ ಕೊಂಡಿಗೂ ಹಿತ್ತಾಳೆ ಬೆರೆತ ಬೆಸುಗೆ ಇದೆ, ಸೀಸ, ಕ್ಯಾಡ್ಮಿಯಂ ಹಾಕಿಲ್ಲ. ಕರಗಿಸುವುದಾದರೆ ಅಂಚನ್ನು ಕತ್ತರಿಸಿ ಬೇರೆ ಇಡಿ."